ಎರಡು ಪರಸಿಗಳ ನಡುವೆ ಒಂದು ಗಾಲಿ

ಸೈಕಲ್ಲುಗಳು ಬಂದದ್ದು ಕಲ್ಲು ಹೇರಿದ ಟ್ರ್ಯಾಕ್ಟರಿನಲ್ಲಿ. ಒಂದು ಕೆಂಪು, ಒಂದು ನೀಲಿ. ಎರಡೂ ಗೇರಿನವು, ಗುಡ್ಡ ಹತ್ತಲೆಂದು ಮಾಡಿದವು, ದಪ್ಪ ಟಯರಿನವು. ರಾವೂರಿನ ಕಡೆ ಪರಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ, ಕಲ್ಲಿನ ಗಣಿ ಇಟ್ಟುಕೊಂಡಿದ್ದ ಸಾಹುಕಾರರೊಬ್ಬರ ಮಕ್ಕಳು ಅವನ್ನು ನಾಲ್ಕು ದಿನ ತುಳಿದು, ಬೇಸರ ಬಂದು, ಮಳೆಯಲ್ಲಿ ತುಕ್ಕು ಹಿಡಿಯಲು ಬಿಟ್ಟು, ಮೋಟಾರ್ ಸೈಕಲ್ ಹತ್ತಿದ್ದರು. ‘ನಮ್ಮ ಖಣಿ ಮಂದಿಗೆ ಜ್ವರದ ಗುಳಿಗಿ ಕೊಡಾಕ ದವಾಖಾನಿಯವ್ರು ಬರ್ತಾರಲ್ಲ, ಅವ್ರರ ಹೊಡೀಲಿ’ ಎಂದು ಸಾಹುಕಾರರು ಹೇಳಿ ಕಳಿಸಿದ್ದರು.

ಎರಡು ಸಾವಿರದ ಇಸವಿ ದಾಟಿ ಎರಡೋ ಮೂರೋ ಮಳೆಗಾಲ ಕಳೆದಿತ್ತು. ನಾನು ವಾಡಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಆರೋಗ್ಯ ಸಹಾಯಕನಾಗಿದ್ದೆ. ನನ್ನ ಪಾಲಿಗೆ ಬಂದಿದ್ದು ಗಣಿಗಳ ನಡುವಿನ ಕೂಲಿಕಾರರ ಗುಡಿಸಲುಗಳು. ಕಲ್ಲು ತೆಗೆದು ಬಿಟ್ಟ ಹಳೆಯ ತಗ್ಗುಗಳಲ್ಲಿ ಮಳೆನೀರು ನಿಲ್ಲುತ್ತದೆ. ನೀರಿನಲ್ಲಿ ಸೊಳ್ಳೆ, ಸೊಳ್ಳೆಯಿಂದ ಮಲೇರಿಯಾ. ಪ್ರತಿ ಮಂಗಳವಾರ ಹೋಗಿ ಜ್ವರ ಬಂದವರ ಬೆರಳಿನಿಂದ ರಕ್ತ ತೆಗೆದು, ಗಾಜಿನ ಸ್ಲೈಡಿನ ಮೇಲೆ ಹಚ್ಚಿ, ಗುಳಿಗೆ ಕೊಟ್ಟು, ತಗ್ಗಿನ ನೀರಿಗೆ ಸೊಳ್ಳೆಮರಿ ತಿನ್ನುವ ಮೀನು ಬಿಟ್ಟು ಬರಬೇಕು. ಹಾದಿಯ ತುಂಬ ಕಲ್ಲು ಸೀಳುವಾಗ ಹಾರಿದ ಚಕ್ಕೆಗಳು. ನಮ್ಮ ಹಳೆಯ ಕರಿ ಸೈಕಲ್ಲಿನ ತೆಳು ಟಯರಿಗೆ ಆ ಚಕ್ಕೆಯೆಂದರೆ ಕ್ಷೌರದ ಬ್ಲೇಡು. ಒಂದು ಮಂಗಳವಾರಕ್ಕೆ ಮೂರು ಪಂಕ್ಚರ್ ಆಗದಿದ್ದರೆ ಮನೆಗೆ ಬಂದು ದೇವರಿಗೆ ಕೈ ಮುಗಿಯುತ್ತಿದ್ದೆ.

ಜೊತೆಗೆ ಇರುತ್ತಿದ್ದವರು ಹಿರಿಯ ಸಹಾಯಕರು. ಡಾಕ್ಟರಮ್ಮನಿಂದ ಹಿಡಿದು ಜವಾನನವರೆಗೆ ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಊರು ಶಹಾಬಾದ. ಬೆಳಿಗ್ಗೆ ಪ್ಯಾಸೆಂಜರಿಗೆ ವಾಡಿಗೆ ಬಂದು ಇಳಿಯುತ್ತಿದ್ದರು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಹಿಂದೆ ಚಿಂಚೋಳಿಯ ಕಾಡಿನ ತಾಂಡಾಗಳಲ್ಲಿ ತಿರುಗಿ ತಿರುಗಿ ಅವರ ಕೈ ಎಷ್ಟು ಹದವಾಗಿತ್ತೆಂದರೆ, ಮಕ್ಕಳು ಬೆರಳು ಕೊಟ್ಟು ಬೇರೆಲ್ಲೋ ನೋಡುತ್ತಿದ್ದವು. ಸೂಜಿ ಬಂದು ಹೋದದ್ದೇ ತಿಳಿಯುತ್ತಿರಲಿಲ್ಲ. ಮೊದಲ ಹನಿ ಒರೆಸಿ, ಮುಂದಿನ ಹನಿಗಳಲ್ಲಿ ಕೆಲವನ್ನು ಒಂದು ಕಡೆ ದಪ್ಪಗೆ ಕೂಡಿಸಿ, ಉಳಿದ ಒಂದು ಹನಿಯನ್ನು ಇನ್ನೊಂದು ಸ್ಲೈಡಿನ ಅಂಚಿನಿಂದ ಒಮ್ಮೆಗೇ ಎಳೆಯುವುದು. ಚಾಚಾ ಎಳೆದರೆ ಅದು ನಾಲಗೆಯ ಆಕಾರದಲ್ಲಿ, ಈರುಳ್ಳಿಯ ಒಳಪೊರೆಯ ಹಾಗೆ ತೆಳ್ಳಗೆ ಹರಡುತ್ತಿತ್ತು. ನಾನು ಎಳೆದರೆ ಗೋಡೆಗೆ ಸಗಣಿ ಸಾರಿಸಿದ ಹಾಗೆ. ಅದಕ್ಕೇ ನಮ್ಮಲ್ಲಿ ಕೆಲಸ ಹಂಚಿಕೆಯಾಗಿತ್ತು: ಚುಚ್ಚುವುದು ಅವರು, ಹೆಸರು ಬರೆಯುವುದು ನಾನು, ಚಿಂತೆ ಮಾಡುವುದೂ ನಾನೇ.

ಸೈಕಲ್ಲುಗಳನ್ನು ಮೊದಲು ಚಿತ್ತಾಪುರಕ್ಕೆ ಒಯ್ದು ಅಲ್ಲಿನ ಮಿಸ್ತ್ರಿಗೆ ತೋರಿಸಿದೆ. ಆತ ಹಿಂದಿನ ಗಾಲಿಯ ಪಕ್ಕ ನೇತಾಡುವ ಗೇರಿನ ಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ನೋಡಿದ ಹಾಗೆ ನೋಡಿದ.

‘ಸಾಹೇಬ್ರೆ, ಇದೆಲ್ಲ ಕಿತ್ತು ಒಗೀರಿ. ಒಂದು ಸಾದಾ ಚೈನ್ ಹಾಕಿ ಕೊಡ್ತೀನಿ, ಮೊಮ್ಮಕ್ಕಳ ತನಾ ಹೊಡೀರಿ.’

ಕಿತ್ತು ಒಗೆಯಲು ಮನಸ್ಸಾಗಲಿಲ್ಲ. ಗಣಿಯ ಏರು ಹತ್ತುವಾಗ ಚಾಚಾರ ಮೊಣಕಾಲು ನೋಯುವುದನ್ನು ಕಂಡಿದ್ದೆ. ಗೇರಿದ್ದರೆ ಕಾಲಿಗೆ ಹಗುರ. ನಾನೇ ಮಾಡುತ್ತೇನೆ ಎಂದೆ. ಹಾಗೆ ಅಂದಾಗ ನನ್ನ ಬಳಿ ಇದ್ದದ್ದು ನಟ್ಟು ಬಿಚ್ಚುವ ಒಂದು ಪಾನಾ, ಹಿಡಿದು ತಿರುವುವ ಒಂದು ಪಕ್ಕಡು, ಮತ್ತೆ ಅತಿಯಾದ ಶ್ರದ್ಧೆ.

ಚೈನುಗಳನ್ನು ಸೀಮೆಎಣ್ಣೆಯ ಡಬ್ಬಿಯಲ್ಲಿ ಎರಡು ದಿನ ನೆನೆ ಹಾಕಿದೆ. ಕೆಂಪು ಸೈಕಲ್ಲಿನ ಎಡ ಪೆಡಲು ಬಿಚ್ಚಲು ಅರ್ಧ ತಾಸು ಪಾನಾದ ಮೇಲೆ ಕಾಲಿಟ್ಟು ಒತ್ತಿದೆ. ಎಡ ಪೆಡಲಿನ ತಿರುಪು ಉಲ್ಟಾ ಇರುತ್ತದೆ, ಅಷ್ಟೂ ಹೊತ್ತು ಬಿಗಿ ಮಾಡುತ್ತಿದ್ದೆನೆಂದು ಆಮೇಲೆ ತಿಳಿಯಿತು. ಹಿಂದಿನ ಗಾಲಿಯ ಅಚ್ಚು ಬಿಚ್ಚಿದಾಗ ಒಳಗಿನ ಛರ್ರಾಗಳು, ಉಕ್ಕಿನ ಸಣ್ಣ ಗುಂಡುಗಳು, ಅಂಗಳದ ತುಂಬ ಓಡಿದವು. ತೊಳೆದು, ಗ್ರೀಸ್ ಹಚ್ಚಿ, ಒಂದೊಂದಾಗಿ ಕೂಡಿಸಿ ಮುಗಿಸಿದರೆ ಅಂಗೈಯಲ್ಲಿ ಒಂದು ಛರ್ರಾ ಉಳಿಯಿತು. ಮತ್ತೆ ಬಿಚ್ಚಿದೆ, ಮತ್ತೆ ಕೂಡಿಸಿದೆ. ಮತ್ತೂ ಒಂದು ಉಳಿಯಿತು. ಅದು ನಮ್ಮ ಹಳೆ ಹೊಲಿಗೆ ಯಂತ್ರದ್ದೋ, ಸೈಕಲ್ಲಿನದೋ ಗೊತ್ತಾಗಲಿಲ್ಲ. ಜೇಬಿನಲ್ಲಿಟ್ಟುಕೊಂಡು ಎಂಟು ದಿನ ತಿರುಗಿದೆ. ಊಟಕ್ಕೆ ಕುಳಿತಾಗ ಜೇಬು ಮುಟ್ಟಿ ನೋಡುವುದು, ಎದ್ದು ಹೋಗಿ ಗಾಲಿ ತಿರುಗಿಸುವುದು.

‘ದೇವರ ಮುಂದ ಕುಂತು ಜಪ ಮಾಡೂ ಮನಿತನ ನಿಮ್ದು,’ ಎಂದಳು ಹೆಂಡತಿ. ‘ಈಗ ಸೈಕಲ್ ಮುಂದ ಕುಂತು ಮಣಿ ಎಣಸಾಕತ್ತೀರಿ. ಅನ್ನ ಆರಿ ಹೋಗ್ಯಾದ ನೋಡ್ರಿ.’

ಚಾಚಾ ಬಂದು ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಂಪು ಸೈಕಲ್ ಹತ್ತಿ ಸ್ಟೇಷನ್ನಿನವರೆಗೆ ಹೋಗಿ ಬಂದರು. ‘ಆಚಾರ್ರೆ, ಬೆಣ್ಣಿ ಹಂಗ ಹೋಗ್ತದ್ರಿ. ಆ ಛರ್ರಾ ತಗದು ನದಿಗೆ ಒಗೀರಿ, ಇಲ್ಲಾಂದ್ರ ನೀವೇ ಬೀಳ್ತೀರಿ.’ ಅಂದಿನಿಂದ ಕೆಂಪು ಅವರದಾಯಿತು, ನೀಲಿ ನನ್ನದು.

ಅವುಗಳನ್ನು ಇಡುವುದೆಲ್ಲಿ ಎಂಬ ಪ್ರಶ್ನೆ ಬಂತು. ಚಾಚಾ ಸಂಜೆ ರೈಲಿಗೆ ಹೋಗುವವರು, ಅವರ ಸೈಕಲ್ ನಮ್ಮ ಮನೆಯಲ್ಲೇ ಉಳಿಯಬೇಕು. ಒಳಗೆ ಇಡಲು ಹೆಂಡತಿ ಒಪ್ಪಲಿಲ್ಲ. ಈ ಸೈಕಲ್ಲುಗಳಿಗೆ ಸ್ಟ್ಯಾಂಡು ಇರಲಿಲ್ಲ. ಗೋಡೆಗೆ ಒರಗಿಸಿದರೆ ಗೇರಿನ ಪಟ್ಟಿ ಬಾಗುತ್ತದೆಂಬ ಹೆದರಿಕೆ ನನಗೆ. ನಮ್ಮ ಕಡೆ ಏನು ಬೇಕಾದರೂ ಪರಸಿಯಿಂದಲೇ ಮಾಡುವುದು ರೂಢಿ. ನೆಲ ಪರಸಿ, ಮಾಡು ಪರಸಿ, ಕಂಪೌಂಡು ಪರಸಿ, ಬಟ್ಟೆ ಒಗೆಯುವುದೂ ಪರಸಿಯ ಮೇಲೆ. ಸೈಕಲ್ ಸ್ಟ್ಯಾಂಡನ್ನೂ ಪರಸಿಯಲ್ಲೇ ಮಾಡಬೇಕೆಂದು ನನಗೆ ಹೊಳೆದದ್ದರಲ್ಲಿ ವಿಶೇಷವೇನಿಲ್ಲ. ಬೇರೆ ಊರಿನವನಾಗಿದ್ದರೆ ಎರಡು ಕಟ್ಟಿಗೆ ತುಂಡು ಹೊಡೆದು ಸುಮ್ಮನಾಗುತ್ತಿದ್ದ.

ಹಿತ್ತಲಲ್ಲಿ ಮೊಣಕಾಲುದ್ದ ತಗ್ಗು ತೋಡಿ, ನಾಲ್ಕು ಪರಸಿಗಳನ್ನು ಜೋಡಿಯಾಗಿ ನಿಲ್ಲಿಸಿ, ಬುಡಕ್ಕೆ ಸಿಮೆಂಟ್ ಹಾಕಿದೆ. ಪ್ರತಿ ಜೋಡಿಯ ನಡುವಿನ ಸಂದಿನಲ್ಲಿ ಮುಂದಿನ ಗಾಲಿ ತೂರಿಸಿದರೆ ಸೈಕಲ್ ನೆಟ್ಟಗೆ ನಿಲ್ಲಬೇಕು. ಸಂದಿನ ಅಳತೆಯನ್ನು ಕೈ ರೂಢಿಯಿಂದ ಹಳೆಯ ಕರಿ ಸೈಕಲ್ಲಿನ ಟಯರಿಗೆ ತೆಗೆದುಕೊಂಡಿದ್ದೆ. ಸಿಮೆಂಟ್ ಒಣಗಿದ ಮೇಲೆ ನೋಡಿದರೆ ದಪ್ಪ ಟಯರು ಹೋಗಲೊಲ್ಲದು. ಹಾರೆ ಹಾಕಿ ಎರಡು ಕಲ್ಲು ಕಿತ್ತು, ಮತ್ತೆ ನೆಟ್ಟೆ. ಈ ಸಲ ಸಂದು ಅಗಲವಾಯಿತು, ಗಾಲಿ ಅಲುಗಾಡಿತು. ನನಗೆ ಅಲುಗಾಡುವುದೇನೂ ಸೇರುವುದಿಲ್ಲ. ಹಳೆಯ ಟ್ಯೂಬು ಕತ್ತರಿಸಿ ಎರಡೂ ಕಲ್ಲಿನ ಒಳಮೈಗೆ ಅಂಟಿಸಿದೆ. ಈಗ ಗಾಲಿಯನ್ನು ಒತ್ತಿ ತೂರಿಸಬೇಕು, ಎಳೆದು ತೆಗೆಯಬೇಕು. ಆ ಬಿಗಿ ನೋಡಿ ಮನಸ್ಸಿಗೆ ಸಮಾಧಾನವಾಯಿತು. ಸಾದಾ ಸ್ಟ್ಯಾಂಡಿನಿಂದ ಸೈಕಲ್ ಬಿದ್ದರೆ ಗಾಲಿಯೂ ಜೊತೆಗೆ ಬಿದ್ದು ಪಾರಾಗುತ್ತದೆ, ನನ್ನದರಲ್ಲಿ ಹಾಗಾಗುವುದಿಲ್ಲ ಎಂಬುದು ಅಷ್ಟೆಲ್ಲ ಚಿಂತೆ ಮಾಡುವ ನನ್ನ ತಲೆಗೆ ಬರಲೇ ಇಲ್ಲ.

ಚಾಚಾ ನಾಲ್ಕು ಕಲ್ಲುಗಳನ್ನು ಸುತ್ತು ಹಾಕಿ ನೋಡಿದರು.

‘ಇದೇನ್ರಿ ಆಚಾರ್ರೆ, ಸೈಕಲ್ಲಿಗೆ ಗೋರಿ ಕಟ್ಟೀರಿ? ಇನ್ನ ಒಂದು ಹಸರು ಚಾದರ ಹೊದಸೂದು ಉಳದದ.’

‘ಚಾದರ ಅಲ್ಲ ಚಾಚಾ, ಮಳಿಗಿ ಪ್ಲಾಸ್ಟಿಕ್ ಹೊದಸ್ತೀನಿ.’

‘ಹೊದಸ್ರಿ, ಹೊದಸ್ರಿ. ಊದಬತ್ತಿ ನಾ ತರ್ತೀನಿ.’

ನಿಜವಾಗಿಯೂ ಹೊದಿಸಿದೆ. ಕೆಂಪು ಸೈಕಲ್ಲಿಗೆ ಹ್ಯಾಂಡಲಿನಿಂದ ಹಿಂದಿನ ಗಾಲಿಯವರೆಗೆ ದೊಡ್ಡ ಪ್ಲಾಸ್ಟಿಕ್ ಹಾಳೆ, ನಾಲ್ಕೂ ಕಡೆ ಸುತಳಿ ಹಗ್ಗ ಕಟ್ಟಿ ಬಿಗಿದದ್ದು. ಅವರದಕ್ಕೆ ಒಳ್ಳೆಯ ಹಾಳೆ, ನನ್ನದಕ್ಕೆ ಗೊಬ್ಬರದ ಚೀಲ.

ಹೊಸ ಸೈಕಲ್ಲಿನಿಂದ ಎರಡು ತಿಂಗಳು ಕೆಲಸ ಹೂವಿನ ಹಾಗೆ ನಡೆಯಿತು. ಒಂದೂ ಪಂಕ್ಚರ್ ಇಲ್ಲ. ಚಾಚಾ ಸಣ್ಣ ಗೇರಿಗೆ ಹಾಕಿಕೊಂಡು, ಏರಿನಲ್ಲಿ ನನ್ನನ್ನು ದಾಟಿ ಹೋಗುತ್ತ, ‘ಬರ್ರಿ, ಬರ್ರಿ, ಚಿಂತಿ ಅಲ್ಲೇ ಇಳಿಸಿ ಬರ್ರಿ’ ಎಂದು ಕೂಗುತ್ತಿದ್ದರು.

ಒಂದು ಮಂಗಳವಾರ ಬೆಳಿಗ್ಗೆ ಹಿತ್ತಲಿಗೆ ಹೋದರೆ, ರಾತ್ರಿಯ ಗಾಳಿಗೆ ಪ್ಲಾಸ್ಟಿಕ್ ಉಬ್ಬಿ ಹಾಯಿಯಾಗಿ ಕೆಂಪು ಸೈಕಲ್ಲನ್ನು ಮಗ್ಗುಲಿಗೆ ಕೆಡವಿತ್ತು. ಸೈಕಲ್ ಬಿದ್ದಿತ್ತು, ಮುಂದಿನ ಗಾಲಿ ಮಾತ್ರ ಎರಡು ಪರಸಿಗಳ ನಡುವೆ ಹಾಗೇ ಸಿಕ್ಕಿಕೊಂಡಿತ್ತು, ಕುತ್ತಿಗೆ ತಿರುವಿದ ಕೋಳಿಯ ಹಾಗೆ. ಎಳೆದು ತೆಗೆದು ತಿರುಗಿಸಿದೆ. ರಿಮ್ಮು ಎಡಕ್ಕೆ ಬಾಗಿ, ಸುತ್ತಿಗೊಮ್ಮೆ ಬ್ರೇಕಿನ ರಬ್ಬರಿಗೆ ತಾಗಿ ‘ಚರ್’ ಎನ್ನುತ್ತಿತ್ತು.

ಚಾಚಾರ ರೈಲು ಬರಲು ಒಂದು ತಾಸು ಇತ್ತು. ರಿಮ್ಮಿನ ಔಟು, ಅಂದರೆ ಬಾಗು, ತೆಗೆಯುವ ರೀತಿ ಗೊತ್ತಿತ್ತು: ಬಾಗಿದ ಕಡೆಯ ಕಡ್ಡಿಗಳನ್ನು ಸಡಿಲಿಸಿ, ಎದುರು ಕಡೆಯವನ್ನು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಅದಕ್ಕೆ ಬೇಕಾದ ಸಣ್ಣ ಚಾವಿ ನನ್ನಲ್ಲಿರಲಿಲ್ಲ. ಪಕ್ಕಡಿನಿಂದ ಹಿಡಿದು ತಿರುವಿದೆ. ತುಕ್ಕು ಹಿಡಿದ ನಟ್ಟುಗಳ ಮೂಲೆ ಸವೆದು ಗುಂಡಗಾದವು. ಇನ್ನೂ ಜೋರು ಮಾಡಿದಾಗ ಒಂದು ಕಡ್ಡಿ ‘ಟಣ್’ ಎಂದು ಮುರಿಯಿತು. ಬಾಗು ಮೊದಲಿಗಿಂತ ಹೆಚ್ಚಾಯಿತು. ಮುಂಜಾನೆಯ ತಂಪಿನಲ್ಲಿ ಬೆವರುತ್ತ ಕುಳಿತೆ. ಆ ದಿನ ಬೇಗ ಹೊರಡಬೇಕಿತ್ತು. ಗುಡಿಸಲುಗಳಲ್ಲಿ ಐದಾರು ಮಂದಿಗೆ ಚಳಿಜ್ವರವೆಂದು ಸುದ್ದಿ ಬಂದಿತ್ತು. ಕೊನೆಗೆ ಮಾಡಿದ್ದಿಷ್ಟು: ಮುಂದಿನ ಬ್ರೇಕಿನ ವಾಯರನ್ನು ಬಿಚ್ಚಿ, ಒಂದು ಬೆರಳಗಲ ಸಡಿಲ ಬಿಟ್ಟು, ಮತ್ತೆ ಬಿಗಿದೆ. ರಬ್ಬರುಗಳು ಲಿವರ್ ಒತ್ತಿದರೂ ತಾಗದಷ್ಟು ರಿಮ್ಮಿನಿಂದ ದೂರ ಸರಿದವು. ‘ಚರ್’ ನಿಂತಿತು. ಹಿಂದಿನ ಬ್ರೇಕು ಚೆನ್ನಾಗಿತ್ತಲ್ಲ. ರವಿವಾರ ಸೇಡಂಗೆ ಹೋಗಿ ಹೊಸ ರಿಮ್ಮು ತಂದರಾಯಿತು ಎಂದುಕೊಂಡೆ.

ಚಾಚಾ ಬಂದಾಗ ಹೇಳಬೇಕಿತ್ತು. ಮಲಗುವ ಮುಂಚೆ ಬಾಗಿಲಿನ ಚಿಲಕ ಮೂರು ಸಲ ನೋಡುವವನು ನಾನು. ಆದರೆ ಗೋರಿಯ ಚೇಷ್ಟೆ ನೆನಪಿತ್ತು. ನನ್ನ ಕಲ್ಲಿನ ಸ್ಟ್ಯಾಂಡೇ ಗಾಲಿ ಮುರಿಯಿತೆಂದು ಹೇಳಲು ನಾಚಿಕೆಯಾಯಿತು. ಅವರು ಎಂದಿನಂತೆ ಗಾಲಿ ತಿರುಗಿಸಿದರು, ಲಿವರ್ ಒತ್ತಿದರು, ಒಂದು ಕ್ಷಣ ನನ್ನ ಮುಖ ನೋಡಿದರು.

‘ಎಲ್ಲಾ ಚಲೋ ಅದಲ್ರಿ?’

‘ಚಲೋ ಅದ ಚಾಚಾ.’

‘ಹಂಗಾರ ನಡೀರಿ.’

ಆ ಮಂಗಳವಾರ ಏನೂ ಆಗಲಿಲ್ಲ. ರವಿವಾರ ಸೇಡಂನಲ್ಲಿ ಆ ಅಳತೆಯ ರಿಮ್ಮು ಸಿಗಲಿಲ್ಲ. ಹೈದರಾಬಾದಿನಿಂದ ತರಿಸಬೇಕು, ಹತ್ತು ದಿನ ಬೇಕು ಎಂದರು. ಏನೂ ಆಗಲಿಲ್ಲವಲ್ಲ ಎಂಬ ಧೈರ್ಯ ನನಗೆ ಮೊದಲ ಸಲ ಬಂದಿತ್ತು.

ಮುಂದಿನ ಮಂಗಳವಾರ ಜಿನುಗು ಮಳೆ ಬಂದು ನಿಂತಿತ್ತು. ಗಣಿಯೊಳಗೆ ಇಳಿಯುವ ಇಳುಕಲಿನಲ್ಲಿ ಚಾಚಾ ಮುಂದೆ, ನಾನು ಹಿಂದೆ. ತಿರುವಿನಲ್ಲಿ ಪರಸಿ ಹೇರಿದ ಟ್ರ್ಯಾಕ್ಟರೊಂದು ಮೇಲಕ್ಕೆ ಬಂತು. ಚಾಚಾ ಎರಡೂ ಬ್ರೇಕು ಹಿಡಿದರು. ಮುಂದಿನದು ಕೆಲಸ ಮಾಡಲಿಲ್ಲ. ಹಿಂದಿನದೊಂದೇ ಕಚ್ಚಿ, ಒದ್ದೆ ಚಕ್ಕೆಗಳ ಮೇಲೆ ಹಿಂದಿನ ಗಾಲಿ ಅಡ್ಡಕ್ಕೆ ಜಾರಿತು. ಟ್ರ್ಯಾಕ್ಟರಿನವನು ನಿಲ್ಲಿಸಿಬಿಟ್ಟಿದ್ದ, ಅದು ಅವರನ್ನು ಮುಟ್ಟಲಿಲ್ಲ. ಬೀಳುವಾಗ ಅವರು ಹೆಗಲಿಗೆ ನೇತುಹಾಕಿದ್ದ ಸ್ಲೈಡಿನ ಪೆಟ್ಟಿಗೆಯನ್ನು ಎಡಗೈಯಿಂದ ಎದೆಗೆ ಅಪ್ಪಿಕೊಂಡರು. ಮೈಭಾರವೆಲ್ಲ ಬಲಗೈಯ ಮೇಲೆ ಬಿತ್ತು.

ಹತ್ತಿರ ಓಡಿದೆ. ಮಣಿಕಟ್ಟು ಚಮಚದ ಹಾಗೆ ಬಾಗಿತ್ತು.

‘ಪೆಟಗಿ ನೋಡ್ರಿ ಮೊದಲ,’ ಎಂದರು.

ತೆರೆದೆ. ಒಂದು ಸ್ಲೈಡೂ ಒಡೆದಿರಲಿಲ್ಲ.

ಜ್ವರದ ರಿಜಿಸ್ಟರಿನ ರಟ್ಟು ಹರಿದು ಕೈಗೆ ಆಸರೆ ಕಟ್ಟಿದೆ. ಅದೇ ಟ್ರ್ಯಾಕ್ಟರಿನಲ್ಲಿ ವಾಡಿಗೆ, ಅಲ್ಲಿಂದ ಜೀಪಿನಲ್ಲಿ ಗುಲ್ಬರ್ಗಾಕ್ಕೆ. ಮೂಳೆ ಎರಡು ತುಂಡಾಗಿಲ್ಲ, ಪುಡಿಯಾಗಿದೆ ಎಂದರು ಡಾಕ್ಟರು. ಕೂಡಿಸಿ ಪ್ಲಾಸ್ಟರ್ ಹಾಕಿದರು, ಮಾಡುವಷ್ಟನ್ನು ಮಾಡಿದರು.

ನಮ್ಮ ಆಸ್ಪತ್ರೆಯ ಡಾಕ್ಟರಮ್ಮ ವರದಿ ಬರೆಯಲು ನನ್ನನ್ನು ಕರೆದರು. ‘ಚಕ್ಕೆಗಳ ಮೇಲೆ ಜಾರಿದರು, ಹೌದಲ್ಲ? ಬ್ರೇಕ್ ಸರಿ ಇತ್ತಲ್ಲ?’

‘ನಾನೇ ರಿಪೇರಿ ಮಾಡಿದ್ದೆ, ಮೇಡಂ.’

ಅದನ್ನು ಅವರು ಹೌದೆಂದು ತಿಳಿದುಕೊಂಡರು. ತಿಳಿದುಕೊಳ್ಳಲೆಂದೇ ಹಾಗೆ ಹೇಳಿದ್ದೆ. ಸಾಕ್ಷಿಯ ಜಾಗದಲ್ಲಿ ಸಹಿ ಮಾಡಿದೆ. ನನ್ನ ಬಲಗೈ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತು!

ಆ ಆರು ವಾರ ಒಬ್ಬನೇ ಗಣಿಗೆ ಹೋದೆ. ನನ್ನನ್ನು ಕಂಡೊಡನೆ ಮಕ್ಕಳು ಕೈ ಹಿಂದೆ ಕಟ್ಟಿಕೊಂಡು ಓಡುತ್ತಿದ್ದವು. ಒಂದು ಮುದುಕಿ, ‘ನೀ ಬ್ಯಾಡೋ ಯಪ್ಪಾ, ಆ ಸಾಬರು ಬರಲಿ, ಅಲ್ಲಿ ತನಾ ನಾ ಜ್ವರ ಇಟಗೊಂಡಿರ್ತೀನಿ’ ಎಂದಳು. ಹೈದರಾಬಾದಿನಿಂದ ಹೊಸ ರಿಮ್ಮು ಬಂತು. ಹಾಕಿದೆ, ಬ್ರೇಕು ಬಿಗಿದೆ, ಲಿವರ್ ಒತ್ತಿದರೆ ಗಾಲಿ ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಯಾರಿಗೆ?

ಪ್ಲಾಸ್ಟರ್ ಬಿಚ್ಚಿದ ಮೇಲಿನ ಸೋಮವಾರ ಚಾಚಾ ಕೆಲಸಕ್ಕೆ ಬಂದರು. ಆಸ್ಪತ್ರೆಯಲ್ಲಿ ಒಬ್ಬ ಜ್ವರದ ಕೂಲಿಯವನನ್ನು ಕೂರಿಸಿಕೊಂಡು ಸೂಜಿ ಹಿಡಿಯಲು ನೋಡಿದರು. ಹೆಬ್ಬೆರಳೂ ತೋರುಬೆರಳೂ ಹತ್ತಿರ ಬಂದವು, ಕೂಡಲಿಲ್ಲ. ಎಡಗೈಯಿಂದ ಆ ಎರಡು ಬೆರಳುಗಳನ್ನು ಒತ್ತಿ ಕೂಡಿಸಿ ಮತ್ತೆ ಹಿಡಿದರು. ಸೂಜಿ ಜಾರಿ ಬಿತ್ತು. ಸ್ಲೈಡು ಹಿಡಿದರು, ಅದೂ ಬಿತ್ತು, ಒಡೆಯಿತು.

‘ಕೈ ಮಾತು ಕೇಳವಲ್ದು,’ ಎಂದು ಕೂಲಿಯವನ ಕಡೆ ನೋಡಿ ನಕ್ಕರು. ‘ಈ ಆಚಾರ್ರ ಕಡೆ ತಗೋ ತಮ್ಮಾ. ಸ್ವಲ್ಪ ಚುರ್ ಅಂತದ, ತಡಕೋ.’

ಆ ಸಂಜೆ ಅವರ ಜೊತೆ ಸ್ಟೇಷನ್ನಿನವರೆಗೆ ನಡೆದೆ. ಪ್ಯಾಸೆಂಜರ್ ತಡವಿತ್ತು. ಬೆಂಚಿನ ಮೇಲೆ ಕುಳಿತೆವು. ಹೇಳಿದರೆ ಈ ಮನುಷ್ಯ ನನ್ನ ಜೊತೆ ಮಾತು ಬಿಡುತ್ತಾರೆ, ವಿಷಯ ಆಸ್ಪತ್ರೆಗೆಲ್ಲ ಗೊತ್ತಾಗುತ್ತದೆ, ಸುಳ್ಳು ಸಹಿಗೆ ನೌಕರಿಯೂ ಹೋದೀತು. ಆರು ವಾರ ಇದೇ ಲೆಕ್ಕ ಹಾಕಿದ್ದೆ. ಆದರೆ ಮಧ್ಯಾಹ್ನ ಸ್ಲೈಡು ಒಡೆದ ಸಪ್ಪಳ ಇನ್ನೂ ಕಿವಿಯಲ್ಲಿತ್ತು. ಹೇಳಿಬಿಟ್ಟೆ. ಗಾಳಿ, ಪ್ಲಾಸ್ಟಿಕ್, ಎರಡು ಪರಸಿ, ಮುರಿದ ಕಡ್ಡಿ, ಬೆರಳಗಲ ವಾಯರು, ಡಾಕ್ಟರಮ್ಮನ ಕಾಗದದ ಸಹಿ, ಒಂದನ್ನೂ ಬಿಡಲಿಲ್ಲ.

ಚಾಚಾ ಹಳಿಯ ಕಡೆ ನೋಡುತ್ತಿದ್ದರು.

‘ಗೊತ್ತಿತ್ರಿ,’ ಎಂದರು.

‘ಏನು ಗೊತ್ತಿತ್ತು?’

‘ಬ್ರೇಕಿಂದು. ಆ ಮೊದಲನೇ ಮಂಗಳಾರನ. ಲಿವರ್ ಒತ್ತಿದ್ರ ಹ್ಯಾಂಡಲ್ಲಿಗೆ ಬಂದು ಹತ್ತಿತು. ಐವತ್ತು ವರ್ಷ ಸೈಕಲ್ ಹೊಡದೀನ್ರಿ, ಅಷ್ಟು ತಿಳೀತದ.’

‘ಮತ್ತ ಯಾಕ ಅನ್ನಲಿಲ್ಲ ಚಾಚಾ?’

‘ಹ್ಯಾಂಗ ಅನ್ಲಿ? ಒಂದು ಛರ್ರಾ ಉಳೀತಂತ ಎಂಟು ದಿನ ಅನ್ನ ಬಿಟ್ಟವ್ರು ನೀವು. ಬ್ರೇಕ್ ಇಲ್ಲ ಅಂದಿದ್ರ ಜೀವಾನೇ ಬಿಡ್ತಿದ್ರಿ. ಅಷ್ಟು ದಿನ ಕುಂತು ಮಾಡೀರಿ ಆ ಸೈಕಲ್, ನಿಮ್ಮ ಮಾರಿ ನೋಡಿ ಬಾಯಿ ಬರಲಿಲ್ಲ. ಸಾವಕಾಶ ಹೊಡದ್ರಾತು ಅಂದ್ಕೊಂಡೆ.’ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ‘ಟ್ರ್ಯಾಕ್ಟರ್ ಬರ್ತದಂತ ಅನ್ಕೊಂಡಿದ್ದಿಲ್ಲ’ ಎಂದರು.

ರೈಲು ಬಂತು. ಅವರು ಎಡಗೈಯಿಂದ ಬಾಗಿಲಿನ ಸಲಾಕೆ ಹಿಡಿದು ಹತ್ತಿದರು. ಬಲಗೈಯನ್ನು ಎದೆಯ ಹತ್ತಿರ ಮಡಚಿಕೊಂಡಿದ್ದರು, ಬಿದ್ದ ದಿನ ಎಡಗೈ ಪೆಟ್ಟಿಗೆಯನ್ನು ಅಪ್ಪಿಕೊಂಡಿದ್ದ ಹಾಗೆಯೇ.

ನನ್ನ ಚಿಂತೆ ಸುತ್ತಲಿನವರನ್ನು ಕಾಯುತ್ತದೆಂದು ಅಷ್ಟು ವರ್ಷ ನಂಬಿದ್ದೆ. ಅದಕ್ಕೆ ಹೆದರಿ ಜನ ನನ್ನಿಂದ ಮಾತು ಮುಚ್ಚಿಡುತ್ತಿದ್ದರು ಎಂದು ಆ ಬೆಂಚಿನ ಮೇಲೆ ತಿಳಿಯಿತು. ಮರುದಿನ ಡಾಕ್ಟರಮ್ಮನಿಗೂ ಹೇಳಿದೆ. ಅವರು ವರದಿಯ ಕೆಳಗೆ ನನ್ನ ಹೇಳಿಕೆ ಬರೆಸಿಕೊಂಡರು. ಲಿಖಿತ ಎಚ್ಚರಿಕೆಯೊಂದು ಬಂತು. ನಾನು ಹೆದರಿದ್ದಕ್ಕಿಂತ ಅದು ಎಷ್ಟೋ ಸಣ್ಣದಿತ್ತು, ಅದರಿಂದ ಸಮಾಧಾನವಾಗಲಿಲ್ಲ. ಸಂಜೆ ಹಾರೆ ತೆಗೆದುಕೊಂಡು ಹಿತ್ತಲಿನ ನಾಲ್ಕು ಪರಸಿಗಳನ್ನೂ ಕಿತ್ತೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ನನ್ನ ನೀಲಿ ಸೈಕಲ್ಲನ್ನು ತಾನೇ ಎತ್ತಿ ಪಡಸಾಲೆಯಲ್ಲಿ ತಂದಿಟ್ಟಳು.

ನಿವೃತ್ತಿಯವರೆಗಿನ ತಿಂಗಳುಗಳಲ್ಲಿ ಚಾಚಾ ಮಂಗಳವಾರ ಬಿಡಲಿಲ್ಲ. ಸೈಕಲ್ ಹಿಡಿಯಲು ಆಗುತ್ತಿರಲಿಲ್ಲ. ಟ್ರ್ಯಾಕ್ಟರಿನಲ್ಲಿ ರಾವೂರಿನವರೆಗೆ ಹೋಗಿ, ಅಲ್ಲಿಂದ ಇಬ್ಬರೂ ನಡೆಯುತ್ತಿದ್ದೆವು. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಡಗೈಯಿಂದ ಬೆರಳು ಹಿಡಿಯುವುದು ಅವರ ಕೆಲಸ, ಚುಚ್ಚುವುದು ನನ್ನದು.

ಕೊನೆಯ ಮಂಗಳವಾರ ನಾಲ್ಕು ವರ್ಷದ ಒಂದು ಹುಡುಗಿಗೆ ಜ್ವರ. ಅವಳು ನನ್ನ ಕಡೆ ನೋಡಲೇ ಇಲ್ಲ. ನೇರ ಚಾಚಾರ ಹತ್ತಿರ ಹೋಗಿ, ಅವರ ಬಲಗೈಯನ್ನು ಹುಡುಕಿ, ಅದರೊಳಗೆ ತನ್ನ ಬೆರಳಿಟ್ಟಳು. ಅವರು ಆ ಬೆರಳನ್ನು ಎಡಗೈಗೆ ದಾಟಿಸಿಕೊಂಡು, ‘ಆ ಕಾಗಿ ನೋಡವ್ವಾ, ರೊಟ್ಟಿ ಕದ್ದು ಕುಂತದ’ ಎಂದರು. ನಾನು ಚುಚ್ಚಿದೆ. ಹುಡುಗಿ ಚೀರಿದಳು. ಹನಿ ಬಂತು. ಸ್ಲೈಡು ಹಿಡಿಯಲು ಚಾಚಾರ ಬಲಗೈ ತಾನಾಗಿಯೇ ಮುಂದೆ ಬಂತು, ಅರ್ಧಕ್ಕೆ ನಿಂತಿತು.

ನಾನು ಎಳೆದೆ. ದಪ್ಪ ಬಂತು.

‘ಇನ್ನೊಂದು ಎಳೀರಿ ಆಚಾರ್ರೆ,’ ಎಂದರು ಚಾಚಾ. ‘ಲಗೂನ, ಒಣಗೂದ್ರಾಗ.’